ಭಾನುವಾರ ಹರವಿದ ಬಟ್ಟೆ

ತನಗೆ ದೇವರಿಗಿಂತ ಸೋದರತ್ತೆಯ ಭಯವೇ ಹೆಚ್ಚು ಎಂದು ಲೋಸೆಲಿ ಬುಧವಾರ ಮಧ್ಯಾಹ್ನ ಡೈರಿಯಲ್ಲಿ ಬರೆದುಕೊಂಡಳು. ಬರೆದು ಒಂದು ಗಳಿಗೆ ನೋಡಿ, ಆ ಸಾಲನ್ನು ಕಾಣದಂತೆ ಹೊಡೆದುಹಾಕಿದಳು. ಹೊಡೆದುಹಾಕಿದ್ದು ದೇವರ ಕಣ್ಣಿಗೆ ಬಿದ್ದೀತೆಂದಲ್ಲ, ಅತ್ತೆಯ ಕಣ್ಣಿಗೆ ಬಿದ್ದೀತೆಂದು. ಅಲ್ಲಿಗೆ ಬರೆದದ್ದು ನಿಜವೇ ಎಂದಾಯಿತು.

ಹೊಸ ವರ್ಷದ ಮೊದಲ ವಾರವೆಂದರೆ ಆ ಪುಟ್ಟ ದ್ವೀಪದೂರು ಫೋಮೋತುವಿನಲ್ಲಿ ಪ್ರಾರ್ಥನೆಯ ವಾರ. ದಿನಾ ಬೆಳಗಿನ ಐದಕ್ಕೆ ಮರದ ನಗಾರಿ ಮೊಳಗಿತೆಂದರೆ ಯಾರೂ ಹಾಸಿಗೆಯಲ್ಲಿ ಉಳಿಯುವ ಹಾಗಿಲ್ಲ. ಇಡೀ ಊರು ಮರ್ಯಾದೆಗೆ ಉಡುವ ಹೆಣೆದ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಆಕಳಿಸುತ್ತಾ ಚರ್ಚಿಗೆ ನಡೆಯುತ್ತದೆ. ಒಂದೊಂದು ಬೆಳಗ್ಗೆ ಒಬ್ಬೊಬ್ಬರು ಎದ್ದು ನಿಂತು ಮಾತಾಡಬೇಕು. ಶುಕ್ರವಾರದ ಬೆಳಗು ಲೋಸೆಲಿಯ ಪಾಲಿಗೆ ಬಂದಿತ್ತು. ವಿಷಯವನ್ನು ಚರ್ಚಿನ ಅಯ್ಯನವರೇ ಕೊಟ್ಟಿದ್ದರು: ದಶಾಜ್ಞೆಗಳನ್ನು ದಿನದಿನದ ಬದುಕಿನಲ್ಲಿ ನಡೆಸುವುದು ಹೇಗೆ.

"ನೀನು ಹೊಸದಾಗಿ ಏನೂ ಯೋಚಿಸೋದು ಬೇಡಮ್ಮ" ಎಂದಿದ್ದರು ಅಯ್ಯನವರು. "ನೀನು ಹೇಗೆ ಬದುಕ್ತಿದೀಯೋ ಅಷ್ಟು ಹೇಳಿದ್ರೆ ಸಾಕು."

ಅಷ್ಟು ಹೇಳಿಬಿಟ್ಟರೆ ತನ್ನ ಗತಿಯೇನು ಎಂಬುದೇ ಅವಳ ಸಂಕಟ.

ಲೋಸೆಲಿ ಒಳ್ಳೆಯ ಹುಡುಗಿ ಎಂದು ಊರಿಗೆ ಊರೇ ನಂಬಿತ್ತು. ಈ ನಂಬಿಕೆ ಹುಟ್ಟಿಸಲು ಅವಳು ಮಾಡಿದ್ದೇನೂ ಇಲ್ಲ. ಏನೂ ಮಾಡದೆ ಕೂತದ್ದೇ ಕಾರಣ. ಯಾರಾದರೂ ಬೈದರೆ ತಿರುಗಿ ಬೈಯುವ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಜನ ಅದನ್ನು ತಾಳ್ಮೆ ಎಂದರು. ಹುಡುಗರು ಮಾತಾಡಿಸಿದರೆ ಅಂಗೈ ಬೆವರಿ ಓಡಿಹೋಗುತ್ತಿದ್ದಳು, ಅದನ್ನು ಶೀಲ ಎಂದರು. ದೂರದ ಸೂವಾ ನಗರದಲ್ಲಿ ನಾಲ್ಕು ವರ್ಷ ಇತಿಹಾಸ ಓದಿ, ಡಿಗ್ರಿ ತಂದು, ಕೆಲಸ ಸಿಗದೆ ಅತ್ತೆಯ ಹಂದಿಗಳಿಗೆ ತೆಂಗಿನಕಾಯಿ ಹಾಕಿಕೊಂಡಿದ್ದಳು. ಅದಕ್ಕೂ ಒಂದು ಹೆಸರು ಸಿಕ್ಕಿತು: ವಿನಯ. ಊಟಕ್ಕೆ ಕೂತಾಗ ನಾಲ್ಕು ಜನ ನೋಡುತ್ತಾರೆಂದು ಎರಡು ತುತ್ತು ತಿಂದು ಎದ್ದರೆ, "ನೋಡ್ರೇ, ಕೋಳಿ ಕುಕ್ಕಿದಂಗೆ ತಿಂತಾಳೆ, ಆಸೆ ಅನ್ನೋದೇ ಇಲ್ಲ" ಎಂದು ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ ತೋರಿಸುತ್ತಿದ್ದರು. ಆ ಕೋಳಿಗೆ ಇಪ್ಪತ್ತನಾಲ್ಕು ಗಂಟೆಯೂ ಹಸಿವು.

ಎಲ್ಲ ತಾಪತ್ರಯ ಶುರುವಾದದ್ದು ಆ ಹಸಿವಿನಿಂದಲೇ.

ಮೂರು ವಾರದ ಹಿಂದಿನ ಭಾನುವಾರ ಅಯ್ಯನವರ ಮನೆಗೆ ಊಟ ಕಳಿಸುವ ಸರದಿ ಅತ್ತೆ ಮೆಲೆನೈಟೆಯದಾಗಿತ್ತು. ಅಮ್ಮ ತೀರಿಹೋದ ಮೇಲೆ ಆ ಮನೆಯಲ್ಲಿ ಅತ್ತೆಯದೇ ಮಾತು. ಅಮ್ಮ ಇದ್ದಾಗಲೂ ಅತ್ತೆಯದೇ. ಅಪ್ಪನ ಅಕ್ಕ ಎಂದರೆ ಅಪ್ಪನೂ ತಲೆ ತಗ್ಗಿಸಿಯೇ ಮಾತಾಡಬೇಕು. ಅತ್ತೆ ನಸುಕಿನಲ್ಲೆದ್ದು ನೆಲದೊಲೆಗೆ ಕಲ್ಲು ಜೋಡಿಸಿ, ಬೆಂಕಿ ಹಾಕಿ, ಹಂದಿಮರಿ ಹುರಿದು, ಗೆಡ್ಡೆ ಬೇಯಿಸಿ, ಕೆಸವಿನೆಲೆಯಲ್ಲಿ ಉಪ್ಪುಮಾಂಸವನ್ನೂ ತೆಂಗಿನಹಾಲನ್ನೂ ಕಟ್ಟಿದ ಹನ್ನೆರಡು ಲೂ ಪೊಟ್ಟಣಗಳನ್ನು ತಯಾರು ಮಾಡಿದರು. ಬೆನ್ನು ಬಗ್ಗಿಸಿ ಮಾಡುವ ಈ ದುಡಿಮೆ, ಭಾನುವಾರ ದುಡಿಯಬಾರದೆಂಬ ಆಜ್ಞೆಯನ್ನು ಮುರಿಯುತ್ತದೋ ಇಲ್ಲವೋ ಎಂದು ಫೋಮೋತುವಿನಲ್ಲಿ ಯಾರೂ ಕೇಳಿದವರಿಲ್ಲ. ಬಟ್ಟೆ ಒಗೆದರೆ ಮಾತ್ರ ಮುರಿಯುತ್ತದೆ, ಅದರಲ್ಲಿ ಅನುಮಾನವಿಲ್ಲ.

ತಟ್ಟೆಯ ಮೇಲೆ ಅಜ್ಜಿ ಕೈಯಾರೆ ಅಂಚು ಹೆಣೆದ ಬಿಳಿಯ ಬಟ್ಟೆ ಮುಚ್ಚಿ, "ನೇರವಾಗಿ ಹೋಗು, ನೇರವಾಗಿ ಬಾ" ಎಂದು ಅತ್ತೆ ಕಳಿಸಿಕೊಟ್ಟರು. ಲೋಸೆಲಿ ಹಿತ್ತಲ ದಾರಿ ಹಿಡಿದಳು. ಮೂರು ಗಂಟೆ ಆರಾಧನೆಯಲ್ಲಿ ಕೂತು ಬಂದ ಹೊಟ್ಟೆ. ತಟ್ಟೆಯಿಂದ ತೆಂಗಿನಹಾಲಿನ ಬಿಸಿ ವಾಸನೆ ಮೂಗಿಗೇ ಬರುತ್ತಿತ್ತು. ಪಕ್ಕದ ಮನೆಯ ಸೇಲು ಅಮ್ಮನ ಹಿತ್ತಲಿನ ದೀವಿಹಲಸಿನ ಮರದ ಹತ್ತಿರ ಬರುವಷ್ಟರಲ್ಲಿ ಕಾಲು ತಾನಾಗಿ ನಿಂತಿತು. ಹನ್ನೊಂದು ಲೂ ಇದ್ದರೂ ಅಯ್ಯನವರಿಗೆ ಸಾಕು. ಅವರೇನು ಎಣಿಸಿ ತಿನ್ನುವವರಲ್ಲ. ಮರದ ಮರೆಯಲ್ಲಿ ನಿಂತು, ಎಲೆ ಬಿಚ್ಚಿ, ನಾಲಿಗೆ ಸುಟ್ಟುಕೊಂಡು, ಒಂದು ಪೂರ್ತಿ ತಿಂದಳು. ಬದುಕಿನಲ್ಲಿ ಅಷ್ಟು ರುಚಿಯಾದದ್ದನ್ನು ಅವಳು ತಿಂದದ್ದಿಲ್ಲ. ತಿಂದು ತಟ್ಟೆ ಎತ್ತಿಕೊಂಡಾಗ ನೋಡುತ್ತಾಳೆ: ಬಿಳಿ ಬಟ್ಟೆಯ ಮೇಲೆ ಜಿಡ್ಡಿನ ಐದು ಬೆರಳು, ಪೊಲೀಸರು ತೆಗೆಸಿಕೊಂಡಷ್ಟು ಸ್ಪಷ್ಟವಾಗಿ.

ಬಟ್ಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ತಟ್ಟೆಗೆ ಬಾಳೆಎಲೆ ಮುಚ್ಚಿ ಕೊಟ್ಟು ಬಂದಳು. ಸಂಜೆ ಅತ್ತೆ ಆ ಬಟ್ಟೆಯನ್ನು ಮಡಿಸಿ ಪೆಟ್ಟಿಗೆಗೆ ಇಡುವವರು. ಈಗ ಮಧ್ಯಾಹ್ನ, ಊಟ ಮಾಡಿ ಇಡೀ ಊರು ನಿದ್ದೆ ಹೋಗಿತ್ತು. ತನ್ನ ಮನೆಯ ಹಗ್ಗ ರಸ್ತೆಗೆ ಕಾಣುತ್ತದೆ. ಸೇಲು ಅವರ ಮನೆಗೆ ಬೀಗ. ಸೇಲು ಮತ್ತು ಅವರ ಸೊಸೆ ಇಬ್ಬರೂ ನೆಂಟರ ಮನೆಗೆ ಊಟಕ್ಕೆ ಹೋಗಿದ್ದರು. ಲೋಸೆಲಿ ಅವರ ಮಳೆನೀರಿನ ತೊಟ್ಟಿಯಿಂದ ನೀರು ಹಿಡಿದು, ಅವರದೇ ಸೋಪು ಹಚ್ಚಿ, ತಿಕ್ಕಿ, ಹಿಂಡಿ, ಅವರ ಹಿತ್ತಲಿನ ಹಗ್ಗಕ್ಕೇ ಹರವಿದಳು. ಒಣಗುವ ತನಕ ಕಾಯೋಣವೆಂದು ಬೇಲಿಗೆ ಮರೆಯಾಗಿ ಮರದ ಬುಡದಲ್ಲಿ ಕೂತಳು. ಹೊಟ್ಟೆ ತುಂಬಿತ್ತು, ಗಾಳಿ ತಣ್ಣಗಿತ್ತು. ಕಳ್ಳತನ ಮಾಡಿ ಸಿಕ್ಕಿಬೀಳದವರು ಎಷ್ಟೋ ಜನರಿದ್ದಾರೆ, ಆದರೆ ಮಾಡಿದ ಜಾಗದಲ್ಲೇ ಮಲಗಿ ಗೊರಕೆ ಹೊಡೆದವಳು ಬಹುಶಃ ಇವಳೊಬ್ಬಳೇ.

"ಸ್ವಾಮೀ! ಭಾನುವಾರ ಬಟ್ಟೆ!" ಎಂಬ ಕೂಗಿಗೆ ಎಚ್ಚರವಾಯಿತು. ಹಾಡುಗಾರರ ಮೇಷ್ಟ್ರು ವಿಲಿಸೋನಿ ನಾಲ್ಕು ಗಂಟೆಯ ಅಭ್ಯಾಸಕ್ಕೆ ಹೋಗುತ್ತಿದ್ದವರು ಬೇಲಿಯ ಆಚೆ ಬಾಯಿ ತೆರೆದು ನಿಂತಿದ್ದರು. ನಿಂತವರು ಹಿರಿಯರನ್ನು ಕರೆಯಲು ಓಡಿದರು. ಲೋಸೆಲಿ ಒಣಗಿದ್ದ ಬಟ್ಟೆ ಕಿತ್ತುಕೊಂಡು ಬಾಳೆತೋಟದೊಳಗೆ ಓಡಿದಳು; ಸಂಜೆ ಅದು ಎಂದಿನಂತೆ ಅತ್ತೆಯ ಪೆಟ್ಟಿಗೆ ಸೇರಿತು.

ಇಬ್ಬರು ಹಿರಿಯರು ಬಂದು ನೋಡಿದಾಗ ಹಗ್ಗ ಖಾಲಿ. ನೆಲ ಮಾತ್ರ ಒದ್ದೆ, ಸೋಪಿನ ನೊರೆ. ಬಾಗಿಲಲ್ಲಿ ಸೇಲು ಅವರ ಸೊಸೆ ತಿಲೇಸಾ, ತಲೆನೋವೆಂದು ಮೊದಲೇ ಮನೆಗೆ ಬಂದವಳು, ಹಣೆಗೆ ಒದ್ದೆ ಟವೆಲ್ಲು ಕಟ್ಟಿಕೊಂಡು ನಿಂತಿದ್ದಳು. ಆಕ್ಲೆಂಡಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ಮದುವೆಯಾಗಿ ಬಂದು ಇನ್ನೂ ವರ್ಷವಾಗಿರಲಿಲ್ಲ. ಇನ್ನು ಕೇಳುವುದೇನು?

ಅಂದು ಸಂಜೆಯ ಆರಾಧನೆಯಲ್ಲಿ ಅಯ್ಯನವರು ಯಾರ ಹೆಸರೂ ಎತ್ತದೆ ವಿಶ್ರಾಂತಿ ದಿನದ ಬಗ್ಗೆ ಪ್ರಾರ್ಥಿಸಿದರು. ಹೆಸರು ಬೇಕಿರಲಿಲ್ಲ, ಇನ್ನೂರು ಕತ್ತು ಒಂದೇ ಕಡೆ ತಿರುಗಿದವು. ಲೋಸೆಲಿಯ ಕತ್ತೂ ತಿರುಗಿತು. ತಿರುಗಿಸದಿದ್ದರೆ ಎಲ್ಲರಿಗೂ ಅನುಮಾನ ಬಂದೀತಲ್ಲ.

ಹಾಡಿನ ಮೊದಲ ಸಾಲು ಎತ್ತಿಕೊಡುವ ಕೆಲಸದಿಂದ ತಿಲೇಸಾಳನ್ನು ತೆಗೆದರು. ಊರ ಹೆಂಗಸರು ಮೂರು ವಾರ ಅದನ್ನೇ ಅಗಿದರು. ಲೋಸೆಲಿ ಮಾತ್ರ ಸುಮ್ಮನಿದ್ದಳು. "ನೋಡಿ ಕಲೀರಿ" ಎಂದು ಅತ್ತೆ ಚಾಪೆ ಹೆಣೆಯಲು ಬಂದವರಿಗೆಲ್ಲ ಹೇಳಿದರು, "ಊರೆಲ್ಲ ಬಾಯಿ ಚಪ್ಪರಿಸ್ತಿದೆ, ನಮ್ಮ ಹುಡುಗಿ ಒಂದು ಮಾತಾಡಿದ್ಳಾ?" ಹಾಗೆ ಬಾಯಿಂದ ಬಾಯಿಗೆ ಹೋಗಿ ಅಯ್ಯನವರ ಕಿವಿ ಮುಟ್ಟಿ, ಶುಕ್ರವಾರದ ಬೆಳಗು ಇವಳ ಕೊರಳಿಗೆ ಬಿತ್ತು.

ಬುಧವಾರ ಡೈರಿ ಮುಚ್ಚುವಷ್ಟರಲ್ಲಿ ಜಗಲಿಯಲ್ಲಿ ತಿಲೇಸಾಳ ದನಿ. "ಲೋಸೆಲಿ, ಇದೀಯೇನೇ?"

ಕೈಯಲ್ಲಿ ಹಾಡುಗಾರರ ಬಿಳಿ ಉಡುಪು, ಮಡಿಸಿದ್ದು. "ತಗೋ, ಇದು ನಿಂಗೆ. ಸ್ವಲ್ಪ ದೊಡ್ಡದಾಗುತ್ತೆ, ಒಳಗೆ ಹಿಡಿಸ್ಕೋ. ನಂಗಿನ್ನು ಬೇಕಾಗಲ್ಲ."

"ಯಾಕೆ?"

"ಶನಿವಾರದ ವಿಮಾನಕ್ಕೆ ಆಕ್ಲೆಂಡಿಗೆ ಹೊರಟೆ. ಭಾನುವಾರ ವಿಮಾನ ಹಾರೋ ಹಾಗಿದ್ರೆ ಭಾನುವಾರಾನೇ ಹೋಗ್ತಿದ್ದೆ ನೋಡು, ಅದೊಂದು ಪಾಪಾನೂ ಸೇರ್ಕೊಳ್ಳಿ ಅಂತ." ನಗಲು ನೋಡಿದಳು, ನಗು ಪೂರ್ತಿ ಬರಲಿಲ್ಲ. "ಒಗ್ದಿದ್ರೆ ಒಗ್ದೆ ಅಂತಿದ್ದೆ ಕಣೇ. ಆಕ್ಲೆಂಡಿನಲ್ಲಿ ನಮ್ಮಮ್ಮಂಗೆ ರಜಾ ಇದ್ದಿದ್ದೇ ಭಾನುವಾರ. ಮೆಷಿನ್ನಿಗೆ ಬಟ್ಟೆ ಹಾಕಿ, ಅದರ ಜೊತೆ ಕೀರ್ತನೆ ಹಾಡ್ತಿದ್ಳು. ದೇವರು ಒಂದು ದಿನಾನೂ ಮೆಷಿನ್ನು ಕೆಡಿಸ್ಲಿಲ್ಲ."

"ನಿಮ್ಮತ್ತೆ ಏನಂತಾರೆ?"

"ನನ್ ಜೊತೆ ಎಲ್ಲಿ ಮಾತು? ಉಪ್ಪು ಬೇಕಾದ್ರೆ ಬೆಕ್ಕಿಗೆ ಹೇಳ್ತಾರೆ, 'ಉಪ್ಪಿನ ಡಬ್ಬಿ ಎಲ್ಲಿಟ್ಟಿದಾರೋ ಏನೋ' ಅಂತ. ಬೆಕ್ಕು ನನ್ನ ಮುಖ ನೋಡುತ್ತೆ, ನಾನು ಡಬ್ಬಿ ತಂದಿಡ್ತೀನಿ."

ಲೋಸೆಲಿಗೆ ನಗು ಬಂದು, ಬಂದದ್ದಕ್ಕೆ ನಾಚಿಕೆಯಾಯಿತು.

"ಅದನ್ನೆಲ್ಲ ತಡ್ಕೋಬಹುದಿತ್ತು" ಎಂದಳು ತಿಲೇಸಾ, ಈಗ ದನಿ ತಗ್ಗಿಸಿ. ಅವಳ ಗಂಡ ಆಸ್ಟ್ರೇಲಿಯಾಕ್ಕೆ ಹಣ್ಣು ಕೀಳುವ ಕೆಲಸಕ್ಕೆ ಹೋಗಿ ಆರು ತಿಂಗಳಾಗಿತ್ತು. "ಮೊನ್ನೆ ಅವನು ಫೋನ್ ಮಾಡಿ, 'ಊರಿಗೆ ಏನಾದ್ರೂ ಹೇಳು, ನಂಗಾದ್ರೂ ನಿಜ ಹೇಳು' ಅಂದ. ಅವನೇ ಹಾಗಂದ ಮೇಲೆ ನಾನಿಲ್ಲಿ ಯಾರ ಮನೇಲಿ ಇರ್ಲಿ ಹೇಳು? ಹೋದ್ರೆ ಮತ್ತೆ ಬರಲ್ಲ. ಅವನಿಗೂ ಹೇಳ್ಬಿಟ್ಟಿದೀನಿ." ಉಡುಪನ್ನು ಲೋಸೆಲಿಯ ತೊಡೆಯ ಮೇಲಿಟ್ಟಳು. "ಈ ಊರಲ್ಲಿ ನನ್ನ ಮೇಲೆ ಒಂದು ಮಾತೂ ಆಡದೋಳು ನೀನೊಬ್ಳೇ. ಅದಕ್ಕೇ ಹೇಳಿ ಹೋಗೋಣ ಅಂತ ಬಂದೆ."

ಲೋಸೆಲಿ ಬಾಯಿ ತೆರೆದಳು. 

"ತಿಲೇಸಾ, ಆ ಬಟ್ಟೆ..."

"ಹ್ಞೂಂ?"

"ಆ ಬಟ್ಟೆ... ಬಿಳೀದಂತೆ, ಅಲ್ವಾ?"

"ಹೌದಂತಪ್ಪ."

"ಟೀ ಕುಡೀತೀಯಾ?"

ತಿಲೇಸಾ ಟೀ ಕುಡಿದು, ಅವಳ ಕೆನ್ನೆ ಸವರಿ, ಹೋದಳು.

ಆಮೇಲೆ ಲೋಸೆಲಿ ಡೈರಿಯಲ್ಲಿ ಹತ್ತು ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದು ನೋಡಿದಳು. ಕದಿಯಬಾರದು: ಒಂದು ಲೂ. ವಿಶ್ರಾಂತಿ ದಿನ: ಒಂದು ಬಟ್ಟೆ. ಸುಳ್ಳುಸಾಕ್ಷಿ: ಬಾಯಿಬಿಟ್ಟು ಹೇಳಿಲ್ಲ, ಬಾಯಿಮುಚ್ಚಿ ಹೇಳಿದ್ದು ಮೂರು ವಾರ. ತಂದೆತಾಯಿಯನ್ನು ಗೌರವಿಸುವುದು: ತಾಯಿಯ ಜಾಗದಲ್ಲಿರುವ ಅತ್ತೆಗೆ ಹೆದರಿ ಇಷ್ಟೆಲ್ಲ ಮಾಡಿದ್ದನ್ನು ಗೌರವ ಎನ್ನಬಹುದೇ ಎಂದು ಸ್ವಲ್ಪ ಹೊತ್ತು ಯೋಚಿಸಿ, ಬಿಟ್ಟಳು. ಕೊಲೆ ಇನ್ನೂ ಆಗಿಲ್ಲ. ವ್ಯಭಿಚಾರಕ್ಕೆ ಮೊದಲು ಯಾರ ಜೊತೆಗಾದರೂ ಮಾತಾಡಬೇಕಿತ್ತು, ಅದು ತನ್ನಿಂದಾಗದು.

ಸುಲಭದ ದಾರಿಗಳನ್ನೆಲ್ಲ ಹುಡುಕಿದಳು. ಹೆಸರಿಲ್ಲದ ಕಾಗದ ಬರೆಯಬಹುದು. ಆದರೆ ಫೋಮೋತುವಿನಲ್ಲಿ ಇಷ್ಟು ಗುಂಡಗಿನ ಅಕ್ಷರ ಬರೆಯುವವಳು ಇವಳೊಬ್ಬಳೇ, ಚರ್ಚಿನ ಪ್ರಕಟಣೆಗಳನ್ನೆಲ್ಲ ಇವಳೇ ಬರೆಯುವುದು. ನಿಜವಾದ ತಪ್ಪಿತಸ್ಥರ ಮನಸ್ಸು ಕರಗಲಿ ಎಂದು ಪ್ರಾರ್ಥಿಸಿದಳು, ಅವರಾರೋ ಬೇರೆಯವರು ಎಂಬಂತೆ. ಹಂದಿಗಳಿಗೆ ಹೇಳಿ ನೋಡಿದಳು. ಹಂದಿಗಳ ಮುಂದೆ ಮಾತು ಸರಾಗವಾಗಿ ಬಂತು.

ಆ ಧೈರ್ಯದಲ್ಲಿ ಗುರುವಾರ ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಅಯ್ಯನವರ ಮನೆ ಬಾಗಿಲಿಗೆ ಹೋದಳು.

"ಅಯ್ಯನವರೇ, ಆ ಬಿಳಿ ಬಟ್ಟೆ ವಿಷಯ..."

ಅಯ್ಯನವರು ಕೈ ಎತ್ತಿ ತಡೆದರು. "ಗೊತ್ತಮ್ಮ. ತಿಲೇಸಾ ಪರವಾಗಿ ಕೇಳ್ಕೊಳ್ಳೋಕೆ ಬಂದಿದೀಯಾ."

"ಅಲ್ಲ, ಅದು..."

"ನಿನ್ನ ಮನಸ್ಸು ನಂಗೆ ಗೊತ್ತಿಲ್ವಾ? ಬಿಟ್ರೆ ಅವಳ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೊಳ್ತೀಯ ನೀನು." ಅವರ ಕಣ್ಣು ಒದ್ದೆಯಾದದ್ದನ್ನು ಕಂಡು ಲೋಸೆಲಿಗೆ ಗಾಬರಿಯಾಯಿತು. "ಏನೇ, ಕೇಳಿದ್ಯಾ?" ಎಂದು ಒಳಗಿದ್ದ ಹೆಂಡತಿಯನ್ನು ಕೂಗಿದರು, "ಈ ಹುಡುಗಿಗೆ ತಿನ್ನೋಕೇನಾದ್ರೂ ಕೊಡು."

ಕೊಟ್ಟದ್ದನ್ನು ಎರಡು ತುತ್ತು ತಿಂದು, ಹೊಗಳಿಸಿಕೊಂಡು, ಲೋಸೆಲಿ ಮನೆಗೆ ಬಂದಳು. ಅವಳು ಹೇಳಲು ಹೋದಷ್ಟೂ ಒಳ್ಳೆಯವಳಾಗುತ್ತಿದ್ದಳು.

ಸಂಜೆ ಅತ್ತೆ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಭಾಷಣ ಒಪ್ಪಿಸಿಕೊಂಡರು. ನಾಲ್ಕು ಪುಟ. ಅದರಲ್ಲಿ 'ನಾವೆಲ್ಲರೂ' ಎಂಬ ಮಾತು ಹದಿನೇಳು ಸಲ ಬರುತ್ತಿತ್ತು. ನಾವೆಲ್ಲರೂ ಎಡವುತ್ತೇವೆ, ನಾವೆಲ್ಲರೂ ಬೀಳುತ್ತೇವೆ, ನಾವೆಲ್ಲರೂ ಎದ್ದೇಳಬೇಕು. ಒಬ್ಬಳು ಅಡಗಿ ಕೂರಲು 'ನಾವೆಲ್ಲರೂ' ಎಂಬಷ್ಟು ದಟ್ಟವಾದ ಪೊದೆ ಬೇರೊಂದಿಲ್ಲ.

"ಗಟ್ಟಿಯಾಗಿ ಹೇಳೇ, ಇಲಿ ಕಿಚಗುಟ್ಟಿದಂಗೆ ಹೇಳ್ಬೇಡ" ಎಂದರು ಅತ್ತೆ. ಮೂರನೆಯ ಸಲಕ್ಕೆ ಅವರಿಗೇ ಬಾಯಿಪಾಠವಾಗಿತ್ತು. "ನಾಳೆ ಸೇಲು ಮುಂದೆ ಕೂತು ಕೇಳ್ಬೇಕು. ಪಾಪ, ಸೊಸೆಯಿಂದ ತಲೆ ಎತ್ತೋ ಹಾಗಿಲ್ಲ ಅವಳಿಗೆ."

"ಅತ್ತೆ, ನಮ್ಮನೆಯೋರೇ ಯಾರಾದ್ರೂ ಭಾನುವಾರ ಬಟ್ಟೆ ಒಗ್ದಿದ್ರೆ?"

"ನಮ್ಮನೆಯೋರು ಒಗೆಯಲ್ಲ."

"ಒಗ್ದಿದ್ರೆ ಅಂತ, ಮಾತಿಗೆ."

"ಮಾತಿಗೂ ಒಗೆಯಲ್ಲ" ಎಂದರು ಅತ್ತೆ. ಆಮೇಲೆ ಯೋಚಿಸಿ, "ಒಗ್ದಿದ್ರೆ ಸಮುದ್ರ ಏನು ದೂರಾನಾ? ಎತ್ತಿ ಎಸೀತಿದ್ದೆ. ಎಸೆದು, ಹಿಂದೆ ನಾನೂ ಹಾರ್ತಿದ್ದೆ. ಈ ಮುಖ ಹೊತ್ಕೊಂಡು ಚರ್ಚಿಗೆ ಹೋಗೋಕಾಗುತ್ತಾ? ಸರಿ, ಎರಡನೇ ಪುಟ ಇನ್ನೊಂದ್ಸಲ ಹೇಳು."

ಶುಕ್ರವಾರ ಬೆಳಗಿನ ಐದಕ್ಕೆ ನಗಾರಿ ಮೊಳಗಿತು. ಚರ್ಚು ತುಂಬಿತ್ತು. ಎತ್ತಿಕೊಡುವವಳಿಲ್ಲದೆ ವಿಲಿಸೋನಿಯವರೇ ಹಾಡು ಶುರುಮಾಡಿ ಶ್ರುತಿ ತೀರ ಮೇಲಕ್ಕೆ ಹಿಡಿದರು; ಎರಡನೆಯ ಸಾಲಿಗೇ ಗಂಡಸರು ಕೈಬಿಟ್ಟರು, ಮೂರನೆಯದಕ್ಕೆ ಹೆಂಗಸರು ಕಿರುಚುತ್ತಿದ್ದರು. ಕೊನೆಯ ಬೆಂಚಿನಲ್ಲಿ ತಿಲೇಸಾ ಒಬ್ಬಳೇ ಕೂತಿದ್ದಳು. ಅವಳ ಅಕ್ಕಪಕ್ಕ ಇಬ್ಬಿಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಅವಳ ತುಟಿ ಅಲ್ಲಾಡುತ್ತಿತ್ತು. ಸರಿಯಾದ ಶ್ರುತಿಯಲ್ಲಿ, ದನಿಯಿಲ್ಲದೆ, ಹಾಡುತ್ತಿದ್ದಳು.

ಅಯ್ಯನವರು ಹೆಸರು ಕರೆದರು. ಲೋಸೆಲಿ ಎದ್ದು ಮುಂದೆ ಹೋಗಿ ನಿಂತಳು.

ಮಾತಿಗೆ ಮೊದಲು ಎಲ್ಲರಿಗೂ ಕ್ರಮವಾಗಿ ವಂದನೆ ಹೇಳುವುದು ಅಲ್ಲಿನ ಪದ್ಧತಿ. ದೇವರ ಸನ್ನಿಧಿಗೆ ವಂದಿಸಿದಳು. ಅರಸರಿಗೆ ವಂದಿಸಿದಳು. ಅಯ್ಯನವರಿಗೆ, ಅವರ ಮನೆಯವರಿಗೆ, ಊರ ಮುಖ್ಯಸ್ಥರಿಗೆ, ಹಿರಿಯರಿಗೆ, ಹಾಡುಗಾರರಿಗೆ, ತಾಯಂದಿರಿಗೆ, ಮಕ್ಕಳಿಗೆ. ಮುಗಿದ ಮೇಲೂ ಬಿಡಲು ಮನಸ್ಸು ಬಾರದೆ ನಗಾರಿ ಬಾರಿಸಿದವರಿಗೆ, ದೀಪ ಹಚ್ಚಿದವರಿಗೆ, ನೆಲ ಗುಡಿಸಿದವರಿಗೆ, ಕಾಯಿಲೆಯಿಂದ ಮನೆಯಲ್ಲೇ ಉಳಿದವರಿಗೆ ವಂದಿಸಿದಳು. ಇನ್ನು ಉಳಿದದ್ದು ಬಾಗಿಲಲ್ಲಿ ಮಲಗಿದ್ದ ನಾಯಿ. ಯಾರೋ ಹುಡುಗಿಯರು ಕಿಸಕ್ಕೆಂದರು.

"ನಾವೆಲ್ಲರೂ" ಎಂದು ಶುರುಮಾಡಿದಳು.

ಎರಡನೆಯ ಸಾಲಿನಲ್ಲಿ ಅತ್ತೆ ಕೂತಿದ್ದರು. ಸೊಂಟಕ್ಕೆ ತಮ್ಮ ಅತ್ಯುತ್ತಮ ಚಾಪೆ. ಭಾಷಣ ಪೂರ್ತಿ ಬಾಯಿಗೆ ಬರುತ್ತಿದ್ದುದರಿಂದ, ಲೋಸೆಲಿಗಿಂತ ಒಂದು ಪದ ಮುಂದೆ, ಅವರ ತುಟಿಗಳು 'ನಾವೆಲ್ಲರೂ ಎಡವುತ್ತೇವೆ' ಎಂದು ಅಲ್ಲಾಡುತ್ತಿದ್ದವು. ಪಕ್ಕದಲ್ಲಿ ಸೇಲು ತಲೆ ತಗ್ಗಿಸಿಕೊಂಡು, ತಮ್ಮ ಚಾಪೆಯ ಅಂಚಿನ ಎಳೆಯೊಂದನ್ನು ಕೀಳುತ್ತಿದ್ದರು. ಹಿಂದಿನ ಬೆಂಚಿನಿಂದ ತಿಲೇಸಾ ಕತ್ತು ಉದ್ದ ಮಾಡಿ, ಹೇಳು ಹೇಳು ಎಂಬಂತೆ ಇವಳಿಗೆ ಧೈರ್ಯ ತುಂಬುತ್ತಾ ನಗುತ್ತಿದ್ದಳು. ಅವಳ ಮುಖ ನೋಡಿ ಲೋಸೆಲಿಗೆ ಅತ್ತೆಯ ತುಟಿಯ ಮೇಲಿನ ಮುಂದಿನ ಪದ ಮರೆತುಹೋಯಿತು. ಕೈಯಲ್ಲಿದ್ದ ನಾಲ್ಕು ಪುಟಗಳಲ್ಲಿ ನೋಡಿದಳು. ಅಕ್ಷರ ಗುಂಡಗೆ, ಚೆನ್ನಾಗಿತ್ತು. ಅದರಲ್ಲಿ ತಿಲೇಸಾಳಿಗೆ ಬೇಕಾದದ್ದು ಒಂದು ಸಾಲೂ ಇರಲಿಲ್ಲ.

ಚರ್ಚು ಕಾಯುತ್ತಿತ್ತು.  "ಎಡವುತ್ತೇವೆ" ಎಂದು ಅತ್ತೆ ಕೇಳಿಸುವಂತೆಯೇ ಪಿಸುಗುಟ್ಟಿದರು.

"ಇಲ್ಲ ಅತ್ತೆ" ಎಂದಳು ಲೋಸೆಲಿ. ಆ ದನಿ ಹಂದಿಗಳಿಗಷ್ಟೇ ಗೊತ್ತಿತ್ತು. ಅದು ಇಷ್ಟು ದೊಡ್ಡದಾಗಿದೆಯೆಂದು ಅವಳಿಗೂ ತಿಳಿದಿರಲಿಲ್ಲ. "ಸೇಲು ಅಮ್ಮನ ಹಿತ್ತಲಲ್ಲಿ ಆ ಭಾನುವಾರ ಬಟ್ಟೆ ಒಗೆದು ಹರವಿದ್ದು ನಾನು. ತಿಲೇಸಾ ಅಲ್ಲ."